ದ್ವಾರವಿಸ್ತಾರವಾದ: ಚಳ್ಳಕೆರೆ–ಮೊಳಕಾಲ್ಮೂರು ಪ್ರಾಂತದ ಯಂತ್ರಪರಿಷ್ಕಾರವನ್ನು ಕುರಿತ ಒಂದು ವಿಮರ್ಶೆ

ಚಳ್ಳಕೆರೆಯಿಂದ ತಳುಕು, ಬಿ.ಜಿ. ಕೆರೆಗಳನ್ನು ಹಾದು ಹಾನಗಲ್ಲಿನಲ್ಲಿ ಮೊಳಕಾಲ್ಮೂರಿನ ಕಡೆಗೆ ತಿರುಗುವ ಹಾದಿಯ ಇಕ್ಕೆಲದ ಮೋಟಾರು ಕಾರ್ಯಾಗಾರಗಳಲ್ಲಿ ‘ಪೋರ್ಟಿಂಗ್’ ಎಂಬ ಮಾತು ಈಗ ಯಾರಿಗೂ ಅಪರಿಚಿತವಲ್ಲ. ಇಂಜಿನ್ನಿನ ಸಿಲಿಂಡರ್ ಹೆಡ್ಡನ್ನು ಬಿಚ್ಚಿ, ಅದರೊಳಗೆ ಗಾಳಿ ಬರುವ ಮತ್ತು ಹೊಗೆ ಹೊರಡುವ ದಾರಿಗಳನ್ನು, ಅಂದರೆ ಪೋರ್ಟುಗಳನ್ನು, ಅರದಿಂದಲೋ ಗ್ರೈಂಡರಿನಿಂದಲೋ ಉಜ್ಜಿ ಅಗಲಿಸುವುದು. ಕಾರ್ಬೊರೇಟರಿನ ಕಂಠವನ್ನು, ಹೊಸ ವಾಹನಗಳಲ್ಲಾದರೆ ಥ್ರಾಟಲ್ ಬಾಡಿಯ ರಂಧ್ರವನ್ನು, ಲೇತಿನಲ್ಲಿ ಕೊರೆದು ಹಿಗ್ಗಿಸುವುದು. ಇಷ್ಟರಿಂದ ವಾಹನದ ಶಕ್ತಿಯೂ ವೇಗವೂ ಹೆಚ್ಚುವುವೆಂದು ನಂಬುವುದು. ಈ ನಂಬಿಕೆಯನ್ನು ನಾವು ಪ್ರಕೃತ ಲೇಖನದಲ್ಲಿ ‘ದ್ವಾರವಿಸ್ತಾರವಾದ’ವೆಂದು ಕರೆದಿದ್ದೇವೆ. ಇದರ ಪ್ರತಿಪಾದಕರು ಗ್ರಂಥ ಬರೆದವರಲ್ಲ. ಆದುದರಿಂದ ವಾದವನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕು. ಚಳ್ಳಕೆರೆಯ ಕೆಲಸಗಾರರೊಬ್ಬರು ಅದನ್ನು ನಮಗೆ ಒಂದೇ ವಾಕ್ಯದಲ್ಲಿ ಹೇಳಿದರು: “ದಾರಿ ಅಗಲ ಮಾಡಿದ್ರೆ ಗಾಳಿ ತಾನೇ ಬರುತ್ತೆ ಸಾರ್.” ಈ ವಾಕ್ಯದಲ್ಲಿ ಸತ್ಯವೆಷ್ಟು, ಅಸತ್ಯವೆಷ್ಟು ಎಂಬುದೇ ಇಲ್ಲಿಯ ಪ್ರಶ್ನೆ.

ಇತಿಹಾಸ ವಿಭಾಗದ ಪತ್ರಿಕೆಗೆ ಇದು ತಕ್ಕ ವಿಷಯವೇ ಎಂದು ವಾಚಕರು ಕೇಳಬಹುದು. ನೇಗಿಲು, ಮಗ್ಗ, ಗಾಣಗಳನ್ನು ಕುರಿತು ಬರೆದಾಗ ಯಾರೂ ಹೀಗೆ ಕೇಳುವುದಿಲ್ಲ. ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದ ‘ಎಣ್ಣೆಯ ನಗರ’ವೆಂದು ಹೆಸರಾದ ಚಳ್ಳಕೆರೆಯಲ್ಲಿ ಯಂತ್ರದ ರಿಪೇರಿಯೂ ಗಾಣದಷ್ಟೇ ಊರಿನ ಕಸುಬು. ಗಾಣವು ಇತಿಹಾಸದ ವಸ್ತುವಾಗಬಹುದಾದರೆ ಹೆಡ್ಡು ಏಕಾಗಬಾರದು? ಅದೂ ಅಲ್ಲದೆ ಈ ವಿಷಯದಲ್ಲಿ ಹಣವೂ ಇದೆ, ನಷ್ಟವೂ ಇದೆ. ಒಂದು ಬೆಳೆಯ ಆದಾಯದಲ್ಲಿ ಮೋಟಾರ್ ಸೈಕಲ್ಲು ಕೊಂಡ ಯುವಕನೊಬ್ಬನು ಅದರ ಹೆಡ್ಡನ್ನು ಕೊರೆಯಿಸಿ ಕೆಡಿಸಿಕೊಂಡರೆ, ಕೊರೆದ ಲೋಹವನ್ನು ಮತ್ತೆ ತುಂಬುವ ಉಪಾಯವು ಈ ಊರುಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ.

ಒಂದು ಅಂಶವನ್ನು ಮೊದಲು ಗಮನಿಸತಕ್ಕದ್ದು. ಈ ಸೀಮೆಯ ಹೊಲಗಳಲ್ಲಿ ಬಾವಿಯ ನೀರೆತ್ತಿದ ಡೀಸೆಲ್ ಇಂಜಿನ್ನುಗಳಲ್ಲಿ ಥ್ರಾಟಲ್ ಎಂಬುದೇ ಇರಲಿಲ್ಲ. ಅಂಥ ಇಂಜಿನ್ನು ಪ್ರತಿ ಸಲವೂ ಹೀರಬಲ್ಲಷ್ಟು ಗಾಳಿಯನ್ನು ಹೀರುತ್ತದೆ; ಹೆಚ್ಚು ಕಡಮೆಯಾಗುವುದು ಎಣ್ಣೆ ಮಾತ್ರ. ಪೆಟ್ರೋಲ್ ಇಂಜಿನ್ನಿನಲ್ಲಿ ಇದು ತಿರುಗುಮುರುಗು: ಗಾಳಿಯನ್ನೇ ತಡೆದು ಶಕ್ತಿಯನ್ನು ಹದಗೊಳಿಸುತ್ತಾರೆ. ಡೀಸೆಲ್ಲಿನಲ್ಲಿ ಕೈ ಪಳಗಿದ ಹಳೆಯ ತಲೆಮಾರಿನವರಿಗೆ ಪೆಟ್ರೋಲ್ ಇಂಜಿನ್ನಿನ ಥ್ರಾಟಲ್ ಒಂದು ಅನಾವಶ್ಯಕ ಅಡ್ಡಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. ದ್ವಾರವಿಸ್ತಾರವಾದದ ಮೂಲವು ಭಾಗಶಃ ಇಲ್ಲಿರಬೇಕೆಂದು ನಮ್ಮ ಊಹೆ.

ಈಗ ವಾದದ ಪರೀಕ್ಷೆಗೆ ಬರೋಣ. ಎಲ್ಲರೂ ಬಲ್ಲ ಯಂತ್ರವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳುವುದು ಲೇಸು. ಮದರಾಸಿನಲ್ಲಿ ತಯಾರಾಗುತ್ತ ಬಂದ ೩೫೦ರ ಬುಲೆಟ್ಟಿನ ಸಿಲಿಂಡರಿನ ವ್ಯಾಸ ೭೦ ಮಿಲಿಮೀಟರು, ಪಿಸ್ಟನ್ನಿನ ನಡೆ ೯೦ ಮಿಲಿಮೀಟರು. ನಿಮಿಷಕ್ಕೆ ೫,೫೦೦ ಸುತ್ತು ತಿರುಗುವಾಗ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ೧೬.೫ ಮೀಟರು. ಸಿಲಿಂಡರು ಪೂರ್ತಿ ತುಂಬುವುದೆಂದು ಭಾವಿಸಿ ಲೆಕ್ಕ ಹಾಕಿದರೆ, ೨೪ ಮಿಲಿಮೀಟರಿನ ಕಂಠದೊಳಗೆ ಗಾಳಿಯು ಸೆಕೆಂಡಿಗೆ ಸುಮಾರು ೧೪೦ ಮೀಟರು ವೇಗದಲ್ಲಿ ನುಗ್ಗಬೇಕು. ಪಿಸ್ಟನ್ನಿನ ಓಟವು ಮಧ್ಯದಲ್ಲಿ ಸರಾಸರಿಗಿಂತ ಒಂದೂವರೆ ಪಟ್ಟಿಗೂ ಮಿಗಿಲಾಗುವುದರಿಂದ ಗಾಳಿಯ ವೇಗವೂ ಕ್ಷಣಕಾಲ ಇನ್ನೂರು ಮೀಟರನ್ನು ದಾಟುತ್ತದೆ. ಇದು ಶಬ್ದದ ವೇಗದ ಅರ್ಧಕ್ಕಿಂತ ಹೆಚ್ಚು. ಕಂಠವನ್ನು ೩೦ ಮಿಲಿಮೀಟರಿಗೆ ಹಿಗ್ಗಿಸಿದರೆ ಅದರ ವಿಸ್ತೀರ್ಣ ನೂರಕ್ಕೆ ೫೬ರಷ್ಟು ಬೆಳೆದು, ಸರಾಸರಿ ವೇಗ ೯೦ ಮೀಟರಿಗೆ ಇಳಿಯುತ್ತದೆ. ತಡೆ ಕಡಮೆಯಾಯಿತು, ಸಿಲಿಂಡರು ಹೆಚ್ಚು ತುಂಬಿತು. ಇಷ್ಟರ ಮಟ್ಟಿಗೆ ಚಳ್ಳಕೆರೆಯ ವಾಕ್ಯ ಸತ್ಯ.

ಆದರೆ ಅದೇ ಬುಲೆಟ್ಟು ಹೊಲದ ದಾರಿಯಲ್ಲಿ ನಿಮಿಷಕ್ಕೆ ೨,೦೦೦ ಸುತ್ತಿನಲ್ಲಿ ಹೋಗುವಾಗ ಏನಾಗುತ್ತದೆ? ೨೪ರ ಕಂಠದಲ್ಲಿ ಗಾಳಿಯ ವೇಗ ೫೧ ಮೀಟರು. ೩೦ರ ಕಂಠದಲ್ಲಿ ೩೩ ಮೀಟರು ಮಾತ್ರ. ಕಾರ್ಬೊರೇಟರು ಪೆಟ್ರೋಲನ್ನು ಎತ್ತುವುದೇ ಗಾಳಿಯ ವೇಗದಿಂದ ಉಂಟಾಗುವ ಒತ್ತಡದ ಇಳಿತದ ಮೂಲಕ. ಡೇನಿಯಲ್ ಬರ್ನೂಲಿಯು ೧೭೩೮ರಲ್ಲಿ ಪ್ರಕಟಿಸಿದ ಗ್ರಂಥದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಈ ಇಳಿತವು ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗವು ಮೂರನೆಯ ಒಂದು ಪಾಲಿನಷ್ಟು ಕುಗ್ಗಿದರೆ ಇಳಿತವು ಅರ್ಧಕ್ಕಿಂತಲೂ ಕೆಳಗೆ ಬೀಳುತ್ತದೆ. ಪೆಟ್ರೋಲು ಸಣ್ಣ ಹನಿಯಾಗಿ ಒಡೆಯದೆ ಗೋಡೆಗೆ ಹತ್ತಿಕೊಳ್ಳುತ್ತದೆ, ಗಾಡಿ ಎಳೆಯುವುದಿಲ್ಲ. ಅಂದರೆ ವಿಸ್ತಾರದಿಂದ ದೊರೆಯುವುದು ಲಾಭವಲ್ಲ, ವಿನಿಮಯ: ಮೇಲಿನ ವೇಗದಲ್ಲಿ ಪಡೆದುದಕ್ಕೆ ಕೆಳಗಿನ ವೇಗದಲ್ಲಿ ಬೆಲೆ ತೆರಬೇಕು. ಪಂದ್ಯದ ಬಯಲಿನಲ್ಲಿ ಈ ಬೆಲೆಯನ್ನು ತೆರಬಹುದು. ಕಡಲೆಕಾಯಿಯ ಮೂಟೆ ಹೇರಿಕೊಂಡು ಸಂತೆಗೆ ಹೊರಟವನು ಏಕೆ ತೆರಬೇಕು?

ಎರಡನೆಯ ಆಕ್ಷೇಪ ಇನ್ನೂ ಮುಖ್ಯವಾದುದು. ಗಾಳಿಯ ದಾರಿಯಲ್ಲಿ ಎಲ್ಲೋ ಒಂದು ಕಡೆ ಅತ್ಯಂತ ಇಕ್ಕಟ್ಟಾದ ಸ್ಥಳವಿರುತ್ತದೆ. ಉಳಿದ ಕಡೆ ಎಷ್ಟು ಅಗಲಿಸಿದರೂ ಆಳುವುದು ಆ ಇಕ್ಕಟ್ಟೇ. ನಾಲ್ಕು ನಡೆಯ ಇಂಜಿನ್ನಿನಲ್ಲಿ ಈ ಸ್ಥಳ ಬಹುಮಟ್ಟಿಗೆ ವಾಲ್ವು ಮತ್ತು ಅದರ ಸೀಟಿನ ನೆರೆಯಲ್ಲಿದೆ. ೩೬ ಮಿಲಿಮೀಟರಿನ ವಾಲ್ವೊಂದು ೯ ಮಿಲಿಮೀಟರು ಎದ್ದಾಗ ಅದರ ಸುತ್ತಣ ತೆರಪು ವಾಲ್ವಿನ ತಲೆಯ ವಿಸ್ತೀರ್ಣಕ್ಕೆ ಸಮವಾಗುತ್ತದೆ. ಆಮೇಲೆ ಇನ್ನೂ ಎತ್ತಿದರೆ ಸೀಟಿನ ಒಳಕಂಠವೇ ಗಡಿಯಾಗುತ್ತದೆ. ಹೀಗಿರಲು, ಕೈಗೆ ಸುಲಭವಾಗಿ ಸಿಗುವ ಪೋರ್ಟಿನ ಬಾಯಿಯನ್ನು ಬಾವಿಯಂತೆ ಅಗಲಿಸಿ, ಒಳಗಿನ ಸೀಟನ್ನು ಇದ್ದಂತೆಯೇ ಬಿಟ್ಟರೆ, ಗಾಳಿಯು ಬಾಯಲ್ಲಿ ನಿಧಾನಗೊಂಡು ಸೀಟಿನಲ್ಲಿ ಪುನಃ ಓಡಬೇಕಾಗುತ್ತದೆ. ಪಳಗಿದವರು ಶ್ರಮಪಡುವುದು ಸೀಟಿನ ಹಿಂದಿನ ಒಂದೆರಡು ಸೆಂಟಿಮೀಟರಿನಲ್ಲಿ: ವಾಲ್ವಿನ ಗೈಡಿನ ಉಬ್ಬನ್ನು ನುಣುಪಾಗಿಸುವುದು, ಸೀಟನ್ನು ಒಂದೇ ಕೋನದಲ್ಲಿ ಬಿಡದೆ ಮೂರು ಕೋನಗಳಲ್ಲಿ ಕತ್ತರಿಸುವುದು, ಪೋರ್ಟು ತಿರುಗುವಲ್ಲಿ ಒಳಬದಿಯ ಸಣ್ಣ ತಿರುವನ್ನು ಗಾಳಿಯು ನೆಲ ಬಿಟ್ಟು ಹಾರದಂತೆ ದುಂಡಗಾಗಿಸುವುದು. ಕಡೆಯದು ಅತ್ಯಂತ ಕಠಿಣ. ಅಲ್ಲಿ ಲೋಹ ತೆಗೆದಷ್ಟೂ ತಿರುವು ಚೂಪಾಗುವ ಅಪಾಯವಿದೆ. ಕೆಲವು ಹೆಡ್ಡುಗಳಲ್ಲಿ ತೆಗೆಯುವುದರ ಬದಲು ತುಂಬುವುದೇ ಸರಿಯಾದ ಚಿಕಿತ್ಸೆ. ನೀರಿನಿಂದ ತಂಪಾಗುವ ಇಂಜಿನ್ನಾದರೆ ಗೋಡೆಯ ಆಚೆ ನೀರಿರುವುದನ್ನೂ ಮರೆಯುವಂತಿಲ್ಲ.

ಪೋರ್ಟನ್ನು ಕನ್ನಡಿಯಂತೆ ಹೊಳೆಯಿಸುವ ಚಪಲವನ್ನು ಇಲ್ಲಿಯೇ ಹೇಳಿಬಿಡಬಹುದು. ಹೊಗೆಯ ದಾರಿಗೆ ಹೊಳಪು ಒಳ್ಳೆಯದು, ಮಸಿ ಕೂರುವುದು ತಡವಾಗುತ್ತದೆ. ಕಾರ್ಬೊರೇಟರಿನಿಂದ ಪೆಟ್ರೋಲನ್ನು ಹೊತ್ತು ತರುವ ದಾರಿಗೆ ಸ್ವಲ್ಪ ಒರಟೇ ಲೇಸು. ಗಿರಾಕಿಗೆ ಹೊಳಪು ಕಾಣುತ್ತದೆ, ತಿರುವು ಕಾಣುವುದಿಲ್ಲ. ಕೂಲಿಯು ಕಂಡುದಕ್ಕೆ ಸಲ್ಲುತ್ತದೆ.

ಗಾತ್ರವೂ ಆಕಾರವೂ ಬೇರೆ ಬೇರೆ ಎಂಬ ಈ ಮಾತು ನಮ್ಮ ಕಲ್ಪನೆಯಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಚಾರ್ಲ್ಸ್ ಫೇಯೆಟ್ ಟೇಲರರು ಇಂಜಿನ್ನಿನ ಉಸಿರಾಟಕ್ಕೆ ಕೊಟ್ಟ ಸೂಚ್ಯಂಕದಲ್ಲಿ ವಾಲ್ವಿನ ವ್ಯಾಸವು ಒಂದು ಅಂಶ, ಹರಿವಿನ ಗುಣಾಂಕವು ಇನ್ನೊಂದು. ಸೂಚ್ಯಂಕವು ಸುಮಾರು ೦.೬ನ್ನು ದಾಟಿದ ಮೇಲೆ ಸಿಲಿಂಡರು ತುಂಬುವ ಪ್ರಮಾಣ ಇಳಿಯತೊಡಗುತ್ತದೆಂದು ಅವರ ಪ್ರಯೋಗಗಳು ತೋರಿಸಿದುವು. ವ್ಯಾಸವನ್ನು ಮುಟ್ಟದೆಯೇ ಗುಣಾಂಕವನ್ನು ಉತ್ತಮಗೊಳಿಸಬಹುದು. ಅಗಲಿಸುವ ಆತುರದಲ್ಲಿ ಆಕಾರವು ಕೆಟ್ಟು ಗುಣಾಂಕವು ಇಳಿಯಲೂಬಹುದು. ದ್ವಾರವಿಸ್ತಾರವಾದವು ಈ ಎರಡನ್ನೂ ಒಂದೇ ಎಂದು ಭ್ರಮಿಸಿದೆ. ಅದರ ಮೂಲದೋಷ ಇದೇ.

ಈ ವಿದ್ಯೆಯ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕನು (೧೮೯೭–೧೯೭೮) ಪ್ರಸಿದ್ಧನಾದುದು ಕೊರೆದುದರಿಂದಲ್ಲ, ಅಳೆದುದರಿಂದ. ಹೆಡ್ಡಿನ ಮೂಲಕ ಗಾಳಿಯನ್ನು ಹರಿಸಿ, ಎಷ್ಟು ಹರಿಯಿತೆಂದು ಕೆಲಸಕ್ಕೆ ಮುಂಚೆಯೂ ಅನಂತರವೂ ಅಳೆಯುವ ಕ್ರಮವನ್ನು ಅವನು ಕಸುಬಿಗೆ ತಂದನು. ೧೯೪೮ರ ಜಾಗ್ವಾರ್ ಎಕ್ಸ್‌ಕೆ ಇಂಜಿನ್ನಿನ ಹೆಡ್ಡಿನಲ್ಲಿ ಅವನ ಕೈವಾಡವಿದೆ. ಬಿ.ಎಂ.ಸಿ. ಸಂಸ್ಥೆಯ ‘ಎ’ ಮಾಲಿಕೆಯ ಇಂಜಿನ್ನಿನ ಹೃದಯಾಕಾರದ ದಹನಕೋಶವೂ ಅವನದೇ. ಅದೇ ಸಂಸ್ಥೆಯ ‘ಬಿ’ ಮಾಲಿಕೆಯ ೧,೪೮೯ ಘನ ಸೆಂಟಿಮೀಟರಿನ ಇಂಜಿನ್ನು ನಮ್ಮ ಅಂಬಾಸಿಡರ್ ಕಾರಿನಲ್ಲಿ ದಶಕಗಳ ಕಾಲ ಓಡಿತು. ಅದರ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ ತರುವ ಪೋರ್ಟುಗಳು ಎರಡೇ. ಒಂದೊಂದು ಪೋರ್ಟನ್ನು ಅಕ್ಕಪಕ್ಕದ ಎರಡು ಸಿಲಿಂಡರುಗಳು ಹಂಚಿಕೊಳ್ಳಬೇಕು. ಒಂದು ಹೀರುವ ವೇಳೆಯಲ್ಲಿ ಮತ್ತೊಂದರ ಪಾಲನ್ನೂ ಎಳೆದುಕೊಳ್ಳುವ ಈ ಏರ್ಪಾಡಿನಲ್ಲಿ ಬಾಯಿಯನ್ನು ಎಷ್ಟು ಅಗಲಿಸಿದರೂ ಹಂಚಿಕೆಯ ಜಗಳ ತೀರುವುದಿಲ್ಲ. ಒಂದೇ ಬಾವಿಗೆ ಎರಡು ಹೊಲದವರು ಪಂಪು ಇಟ್ಟಂತೆ. ಬಾವಿಯ ಬಾಯಿ ಅಗಲವಾದರೆ ಜಲ ಹೆಚ್ಚುವುದೇ?

ಕರ್ನಾಟಕದ ಮಟ್ಟಿಗೆ ವೇಗದ ಹುಚ್ಚಿನ ನಿಜವಾದ ಪಾಠಶಾಲೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. ೧೯೬೧ರಿಂದ ೧೯೯೬ರವರೆಗೆ ಅಲ್ಲಿಂದ ಜಾವಾ, ಅನಂತರ ಯೆಜ್ಡಿ, ಎಂಬ ಹೆಸರುಗಳಲ್ಲಿ ಹೊರಬಂದ ಎರಡು ನಡೆಯ ಮೋಟಾರ್ ಸೈಕಲ್ಲುಗಳು ಷೋಳಾವರದ ಹಳೆಯ ವಿಮಾನನೆಲೆಯ ಪಂದ್ಯಗಳಲ್ಲಿ ಓಡಿದುವು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿಯೂ ಅವುಗಳ ಸದ್ದು ಕೇಳದ ಊರಿರಲಿಲ್ಲ. ಇವುಗಳ ಹೆಡ್ಡಿನಲ್ಲಿ ವಾಲ್ವೂ ಇಲ್ಲ, ಪೋರ್ಟೂ ಇಲ್ಲ; ಸ್ಪಾರ್ಕ್ ಪ್ಲಗ್ಗಿಗೆ ತೂತು ಮಾತ್ರ. ಪೋರ್ಟುಗಳೆಲ್ಲ ಸಿಲಿಂಡರಿನ ಗೋಡೆಯಲ್ಲಿವೆ, ಅವುಗಳನ್ನು ತೆರೆದು ಮುಚ್ಚುವುದು ಪಿಸ್ಟನ್ನೇ. ಆದುದರಿಂದ ಇಲ್ಲಿ ಪೋರ್ಟನ್ನು ಮೇಲಕ್ಕೆ ಒಂದು ಮಿಲಿಮೀಟರು ಉಜ್ಜಿದರೆ ಬದಲಾಗುವುದು ಅಗಲವಷ್ಟೇ ಅಲ್ಲ, ಕಾಲ. ಹೊಗೆಯ ದ್ವಾರ ಬೇಗನೆ ತೆರೆದು ತಡವಾಗಿ ಮುಚ್ಚುತ್ತದೆ. ‘ಪೋರ್ಟಿಂಗ್’ ಎಂಬ ಒಂದೇ ಪದವು ಎರಡು ಜಾತಿಯ ಇಂಜಿನ್ನುಗಳಲ್ಲಿ ಎರಡು ಬೇರೆ ಕೆಲಸಗಳನ್ನು ಸೂಚಿಸುವುದನ್ನು ತಿಳಿಯದೆ, ಯೆಜ್ಡಿಯಲ್ಲಿ ಕಲಿತುದನ್ನು ನಾಲ್ಕು ನಡೆಯ ಹೆಡ್ಡಿಗೆ ಹಚ್ಚಿದ ಕಡೆಗಳಲ್ಲಿಯೇ ಹೆಚ್ಚಿನ ಹಾನಿಯಾಗಿದೆ.

ಎರಡು ನಡೆಯ ಇಂಜಿನ್ನಿನ ಮಹಾಪಂಡಿತನಾದ ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ನನ ಉದಾಹರಣೆ ಈ ವಾದಕ್ಕೆ ನೇರವಾಗಿ ವಿರುದ್ಧವಾದುದು. ಚೊಪಾವ್ ಎಂಬ ಊರಿನ ಎಂ.ಜಡ್. ಕಾರ್ಖಾನೆಯಲ್ಲಿ, ಹಣವೂ ಸಾಮಗ್ರಿಯೂ ಸಾಲದಿದ್ದ ಸ್ಥಿತಿಯಲ್ಲಿ, ಅವನು ೧೯೬೧ರ ವೇಳೆಗೆ ೧೨೫ ಘನ ಸೆಂಟಿಮೀಟರಿನ ಇಂಜಿನ್ನಿನಿಂದ ೨೫ ಅಶ್ವಶಕ್ತಿಯನ್ನು, ಅಂದರೆ ಲೀಟರಿಗೆ ೨೦೦ರಂತೆ, ತೆಗೆದನು. ಅವನ ಸಾಧನೆಯ ಒಂದು ಮುಖ್ಯ ಭಾಗ ಸೈಲೆನ್ಸರಿನ ಕೊಳವೆಯಲ್ಲಿತ್ತು. ಆ ಕೊಳವೆ ಮೊದಲು ಹಿಗ್ಗಿ, ಆಮೇಲೆ ಬೇಕೆಂದೇ ಕುಗ್ಗುತ್ತದೆ. ಕುಗ್ಗಿದಲ್ಲಿ ಬಡಿದು ಹಿಂದಿರುಗಿದ ಒತ್ತಡದ ಅಲೆಯು, ಹೊರಗೆ ಸೋರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಪುನಃ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಅಗಲವೇ ಶಕ್ತಿಯೆಂದಿದ್ದರೆ ಈ ಕುಗ್ಗಿದ ಬಾಲಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರನು ಸ್ವೀಡನ್ನಿನ ಪಂದ್ಯದ ಸಂದರ್ಭದಲ್ಲಿ ಪಶ್ಚಿಮಕ್ಕೆ ಓಡಿಹೋಗಿ ಜಪಾನಿನ ಸುಜುಕಿಯನ್ನು ಸೇರಿದನು; ೧೯೬೨ರಲ್ಲಿ ೫೦ ಘನ ಸೆಂಟಿಮೀಟರಿನ ವಿಶ್ವಪ್ರಶಸ್ತಿ ಸುಜುಕಿಯ ಪಾಲಾಯಿತು. ಕುಶಲವಿದ್ಯೆಯು ಅದನ್ನು ಬಲ್ಲ ಮನುಷ್ಯನೊಡನೆ ಹೇಗೆ ದೇಶಾಂತರ ಹೋಗುತ್ತದೆಂಬುದಕ್ಕೆ ಇತಿಹಾಸಕಾರರಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಥ್ರಾಟಲ್ ಬಾಡಿಯ ಪ್ರಶ್ನೆ ಹೊಸದು. ಜಾವಾ ಹೆಸರೇ ೨೦೧೮ರಲ್ಲಿ ಮರಳಿ ಬಂದಾಗ ಅದು ನಾಲ್ಕು ನಡೆಯ, ನೀರಿನಿಂದ ತಂಪಾಗುವ, ಪೆಟ್ರೋಲನ್ನು ಚಿಮ್ಮಿಸುವ ೨೯೩ ಘನ ಸೆಂಟಿಮೀಟರಿನ ಇಂಜಿನ್ನಾಗಿತ್ತು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಹಂತ ೬ರ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಸಾಮಾನ್ಯ ಬೈಕುಗಳಲ್ಲಿಯೂ ಕಾರ್ಬೊರೇಟರಿನ ಸ್ಥಾನವನ್ನು ಥ್ರಾಟಲ್ ಬಾಡಿ ಆಕ್ರಮಿಸಿತು. ಇಲ್ಲಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಗಾಳಿಯ ಸೆಳೆತವಲ್ಲ. ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ನು ಎಷ್ಟು ಸುತ್ತುತ್ತಿದೆ ಎಂಬುದನ್ನು ನೋಡಿ, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದಂತೆ ಅದು ಪೆಟ್ರೋಲನ್ನು ಬಿಡುತ್ತದೆ. ಹೀಗೆ ಕೋನವನ್ನೇ ನಂಬುವ ಏರ್ಪಾಡಿನಲ್ಲಿ ರಂಧ್ರವನ್ನು ಹಿಗ್ಗಿಸಿದರೆ ಅದೇ ಕೋನದಲ್ಲಿ ಹೆಚ್ಚು ಗಾಳಿ ಒಳಬರುತ್ತದೆ, ಪೆಟ್ಟಿಗೆಗೆ ಅದರ ಸುದ್ದಿಯೇ ಇಲ್ಲ. ಹೊಗೆಯಲ್ಲಿರುವ ಆಮ್ಲಜನಕದ ಸಂವೇದಕವು ಸ್ವಲ್ಪಮಟ್ಟಿಗೆ ತಿದ್ದುತ್ತದೆ. ಆ ತಿದ್ದುವಿಕೆಗೆ ಮಿತಿಯುಂಟು, ಪೂರ್ತಿ ತೆರೆದಾಗ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಪರಿಣಾಮವಾಗಿ ಮಿಶ್ರಣ ತೆಳುವಾಗಿ, ಇಂಜಿನ್ನು ಕಾದು, ಪಿಸ್ಟನ್ನಿಗೆ ಕೇಡು. ಇದಲ್ಲದೆ ದೊಡ್ಡ ತಟ್ಟೆಯು ಮೊದಲ ಕಾಲುಭಾಗ ತಿರುಗಿದೊಡನೆಯೇ ಬಹಳಷ್ಟು ಗಾಳಿಯನ್ನು ಬಿಡುವುದರಿಂದ ಗಾಡಿ ಮೊದಲಿಗೇ ಜಗ್ಗುತ್ತದೆ. ಸವಾರನು ಈ ಜಗ್ಗನ್ನೇ ಶಕ್ತಿಯೆಂದು ತಿಳಿದು ಸಂತೋಷಪಡುತ್ತಾನೆ. ಕೊನೆಯ ಶಕ್ತಿ ಮೊದಲಿನಷ್ಟೇ ಇರುವ ಸಂಭವವುಂಟು.

ಇನ್ನು ಸ್ಥಳಮಹಿಮೆ. ಚಳ್ಳಕೆರೆಯು ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರು ಎತ್ತರದಲ್ಲಿದೆ. ಬೇಸಗೆಯಲ್ಲಿ ಉಷ್ಣತೆ ೪೦ ಡಿಗ್ರಿಯನ್ನು ಮುಟ್ಟಿದ ದಿನ ಇಲ್ಲಿಯ ಗಾಳಿಯ ಸಾಂದ್ರತೆಯು, ಸಮುದ್ರತೀರದಲ್ಲಿ ೧೫ ಡಿಗ್ರಿ ಉಷ್ಣತೆಯಲ್ಲಿರುವುದಕ್ಕಿಂತ ನೂರಕ್ಕೆ ೧೪ರಷ್ಟು ಕಡಮೆ. ತಂಪು ದೇಶಗಳ ಅಂಕೆಗಳನ್ನು ಇಲ್ಲಿ ನಿರೀಕ್ಷಿಸುವವರು ಇದನ್ನು ಮೊದಲು ಕಳೆಯಬೇಕು. ಇಂಜಿನ್ನಿನ ಬಿಸಿಯನ್ನು ಹೀರುವ ಬದಲು ಹೊರಗಿನ ಗಾಳಿಯನ್ನು ಹೀರುವಂತೆ ಕೊಳವೆಯ ಬಾಯಿಯನ್ನು ಸರಿಸಿದರೆ ಬರುವ ಲಾಭವು, ಅರದ ಕೆಲಸದ ಲಾಭಕ್ಕೆ ಸರಿದೂಗಿದರೂ ದೂಗೀತು. ಅದಕ್ಕೆ ಮಾರಾಗಿ ಇಲ್ಲಿ ರೂಢಿಯಲ್ಲಿರುವುದು, ‘ಉಸಿರು ಬಿಡಲಿ’ ಎಂದು ಏರ್ ಫಿಲ್ಟರನ್ನೇ ಕಿತ್ತುಹಾಕುವುದು. ಮಳೆ ಕಡಮೆಯಾದ ಈ ಸೀಮೆಯ ಧೂಳು ನುಣ್ಣನೆಯ ಅರೆಯುವ ಪುಡಿ. ಅಗಲಿಸಿದ ದ್ವಾರದಿಂದ ಆ ಪುಡಿಯನ್ನು ಒಳಗೆ ಕರೆದುಕೊಂಡು ರಿಂಗು, ಬೋರುಗಳನ್ನು ಸವೆಯಿಸಿಕೊಳ್ಳುವುದನ್ನು ಯಾವ ಲೆಕ್ಕದಿಂದ ಸಮರ್ಥಿಸಬೇಕೋ ನಮಗೆ ತಿಳಿಯದು.

ಇಷ್ಟೆಲ್ಲ ಹೇಳಿದರೂ, ಕೆಲಸಗಾರರ ಕೈಚಳಕವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಪೋರ್ಟಿನ ಬಾಯಿಗೂ ಮ್ಯಾನಿಫೋಲ್ಡಿಗೂ ಗ್ಯಾಸ್ಕೆಟ್ಟಿಗೂ ನಡುವೆ ಅಚ್ಚಿನ ದೋಷದಿಂದ ಉಳಿದ ಮೆಟ್ಟಿಲುಗಳನ್ನು ಬೆರಳಿನಿಂದಲೇ ತಡವಿ ಕಂಡುಹಿಡಿದು ಸರಿಗೂಡಿಸುವ ಜನ ಇಲ್ಲಿದ್ದಾರೆ. ಇದು ನಿಜವಾದ ಪರಿಷ್ಕಾರ, ಇದರಿಂದ ಕೆಡುಕಿಲ್ಲ. ಕೊರತೆಯಿರುವುದು ಅಳತೆಯಲ್ಲಿ ಮತ್ತು ದಾಖಲೆಯಲ್ಲಿ. ಇದೇ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ೨೦೨೩ರ ಏಪ್ರಿಲ್ ೨ರಂದು ಇಸ್ರೋ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನವು ಹೆಲಿಕಾಪ್ಟರಿನಿಂದ ಬಿಡಲ್ಪಟ್ಟು ತಾನಾಗಿಯೇ ನೆಲಕ್ಕಿಳಿಯಿತು. ಅಲ್ಲಿ ಅಳೆಯದೆ ಒಂದು ಮೊಳೆಯನ್ನೂ ಬಿಗಿಯುವುದಿಲ್ಲ. ಹೆದ್ದಾರಿಯ ಬದಿಯಲ್ಲಿ ಕಣ್ಣಂದಾಜೇ ಪ್ರಮಾಣ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಾದರೋ ಸೀರೆಯ ಚಿತ್ತಾರವು ಜಕಾರ್ಡಿನ ರಟ್ಟುಗಳಲ್ಲಿ ತೂತು ತೂತಾಗಿ ಬರೆದಿಡಲ್ಪಟ್ಟಿರುತ್ತದೆ; ನೇಕಾರ ತೀರಿಕೊಂಡರೂ ರಟ್ಟು ಉಳಿಯುತ್ತದೆ. ಹೆಡ್ಡಿನ ಚಿತ್ತಾರಕ್ಕೆ ಅಂಥ ರಟ್ಟಿಲ್ಲ. ಇಂಜಿನ್ನು ಸತ್ತರೆ ಹೆಡ್ಡು ಗುಜರಿಗೆ ಹೋಗಿ ಕರಗುತ್ತದೆ, ಅದರೊಡನೆ ಆ ಕೈಯ ತಿಳಿವಳಿಕೆಯೂ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳನ್ನು ಕೊರೆದ ಚಪಡನೆಂಬ ಲಿಪಿಕಾರನು, ಬ್ರಾಹ್ಮಿಯಲ್ಲಿ ಬರೆದ ಶಾಸನದ ಕೊನೆಗೆ ತನ್ನ ವೃತ್ತಿಯನ್ನು ಖರೋಷ್ಠಿಯಲ್ಲಿ ಬರೆದುಕೊಂಡನು. ಅದೊಂದು ಪದದಿಂದ ವಾಯವ್ಯ ಭಾರತದ ಲಿಪಿಯನ್ನು ಬಲ್ಲ ಕೈಯೊಂದು ಇಲ್ಲಿಯ ಬಂಡೆಯವರೆಗೆ ಬಂದಿತೆಂದು ನಾವು ತಿಳಿದಿದ್ದೇವೆ. ಅದೇ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರರು ಪದರದಿಂದ ಕಿತ್ತ ಮಡಕೆಗೆ ಬೆಲೆಯಿಲ್ಲವೆಂಬುದನ್ನು ಕಾರ್ಯತಃ ತೋರಿಸಿದರು. ಯಾರು, ಯಾವಾಗ, ಏತಕ್ಕೆ, ಎಷ್ಟು ಕೊರೆದರೆಂಬ ಟಿಪ್ಪಣಿಯಿಲ್ಲದ ಹೆಡ್ಡೂ ಪದರ ತಪ್ಪಿದ ಮಡಕೆಯೇ.

ಟಿಪ್ಪಣಿ ಇಡದಿರುವುದಕ್ಕೆ ಕಾನೂನಿನ ಭಯವೂ ಒಂದು ಕಾರಣ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ೨೦೧೯ರ ತಿದ್ದುಪಡಿಯು ಕಾಯಿದೆ ಒಪ್ಪದ ಒಂದೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ಒಟ್ಟಿಗೋ ವಿಧಿಸಲು ಅವಕಾಶವಿತ್ತಿದೆ. ಹೊಗೆಯ ಮತ್ತು ಅಪಘಾತದ ದೃಷ್ಟಿಯಿಂದ ಈ ಕಟ್ಟು ಬೇಕಾದುದೇ. ಆದರೆ ರಸ್ತೆಗಿಳಿಯದ ಪಂದ್ಯದ ವಾಹನಗಳಲ್ಲಿ, ಹಳೆಯ ಹೆಡ್ಡುಗಳನ್ನು ಮೇಜಿನ ಮೇಲಿಟ್ಟು ಕಲಿಯುವಲ್ಲಿ, ಬರೆದಿಡಲು ಅಡ್ಡಿಯೇನೂ ಇಲ್ಲ.

ಅಳತೆಗೆ ದೊಡ್ಡ ಸಲಕರಣೆಯೂ ಬೇಡ. ಗಾಳಿ ಹೀರುವ ಒಂದು ಮೋಟಾರು, ಬಿಗಿಯಾದ ಒಂದು ಮರದ ಪೆಟ್ಟಿಗೆ, ಅಳತೆಯ ತೂತುಳ್ಳ ತಗಡು, ನೀರು ತುಂಬಿದ ಬಾಗುಗೊಳವೆ, ವಾಲ್ವನ್ನು ಒಂದೊಂದು ಮಿಲಿಮೀಟರಿನಂತೆ ಎತ್ತುವ ಒಂದು ತಿರುಪು: ಗಿರಣಿಯ ಯಂತ್ರಗಳನ್ನು ಸರಿಪಡಿಸುವ ಯಾವ ಬಡಗಿಯೂ ಲೇತಿನವನೂ ಕೂಡಿ ಇದನ್ನು ವಾರದಲ್ಲಿ ಕಟ್ಟಬಲ್ಲರು. ಕೊರೆಯುವ ಮುಂಚೆ ಒಂದು ಸಲ, ಕೊರೆದ ಮೇಲೆ ಒಂದು ಸಲ, ಒಂದೇ ಒತ್ತಡದ ವ್ಯತ್ಯಾಸದಲ್ಲಿ ಅಳೆದು ಪುಸ್ತಕದಲ್ಲಿ ಬರೆಯಬೇಕು. ಪೋರ್ಟಿನ ಅಚ್ಚನ್ನು ಮೇಣದಲ್ಲಿಯೋ ರಬ್ಬರಿನಲ್ಲಿಯೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಆ ದಿನದ ಉಷ್ಣತೆಯನ್ನು ಮಗ್ಗುಲಿಗೆ ಬರೆಯುವುದನ್ನು ಮಾತ್ರ ಮರೆಯಬಾರದು. ಏಪ್ರಿಲಿನಲ್ಲಿ ತೆಗೆದ ಅಂಕೆಯನ್ನು ಡಿಸೆಂಬರಿನದರೊಡನೆ ಹಾಗೆಯೇ ಹೋಲಿಸಿದರೆ, ಯಾರೂ ಮುಟ್ಟದ ಹೆಡ್ಡೂ ಬದಲಾದಂತೆ ಕಾಣುತ್ತದೆ.